ಬರಾಕೆ ಎರಡು ಸೀಟು

ಅಡಿಕೆ ಮಂಡಿಯ ಅಂಗಳದಲ್ಲಿ ಗುಮಾಸ್ತ ಓಂಕಾರಪ್ಪ ಸೀಮೆಸುಣ್ಣದಿಂದ ಒಂದು ಬಸ್ಸು ಬರೆದ. ಚಪ್ಪಡಿ ಕಲ್ಲಿನ ನೆಲ. ಮುಂದೆ ಡ್ರೈವರನಿಗೆ ಒಂದು ಚೌಕ, ಅದರ ಹಿಂದೆ ಆಚೆಗೆರಡು ಈಚೆಗೆರಡು ಚೌಕಗಳ ಸಾಲು, ನಡುವೆ ಓಡಾಡಲು ದಾರಿ. ಬಾಗಿಲು ಬರುವ ಕಡೆ ಗೆರೆ ಎಳೆಯದೆ ಬಿಟ್ಟ. ಆಮೇಲೆ ಎದ್ದು ನಿಂತು ಪಂಚೆಗೆ ಕೈ ಒರೆಸಿಕೊಂಡು, "ಬರ್ರಿ, ಹತ್ರಿ ಎಲ್ಲಾರೂ" ಎಂದ.

ಅದು ಮೂವತ್ತೊಂಬತ್ತನೇ ಇಸವಿ. ಚನ್ನಗಿರಿಯಲ್ಲಿ ಅಡಿಕೆ ಸುಗ್ಗಿ ಮುಗಿದಿತ್ತು. ಮಾಘದ ಹುಣ್ಣಿಮೆಗೆ ಮಂಗಳೂರಿಗೆ ಹೋಗಿ ಸಮುದ್ರ ಸ್ನಾನ ಮಾಡಿ, ಕದ್ರಿ, ಮಂಗಳಾದೇವಿ, ಸುಲ್ತಾನ್ ಬತ್ತೇರಿ ನೋಡಿಕೊಂಡು ಬರುವುದೆಂದು ಮಂಡಿಯವರು, ಓಣಿಯವರು, ನಲ್ಲೂರಿನ ಎರಡು ಮನೆಯವರು ಸೇರಿ ಮಾತಾಡಿಕೊಂಡಿದ್ದರು. ಶಿವಮೊಗ್ಗದಿಂದ ಒಂದು ಬಸ್ಸು ಗೊತ್ತು ಮಾಡಿಯಾಗಿತ್ತು. ಹಿಂದಿನ ವರ್ಷ ಹೀಗೆಯೇ ಉಚ್ಚಂಗಿದುರ್ಗಕ್ಕೆ ಹೋದಾಗ ಕಿಟಕಿ ಪಕ್ಕದ ಜಾಗಕ್ಕೆ ಎರಡು ಮನೆಯವರು ಜಗಳವಾಡಿ ಇವತ್ತಿನವರೆಗೂ ಮಾತು ಬಿಟ್ಟಿದ್ದರು. ಈ ಸಲ ಜಗಳ ಆಗುವುದಿದ್ದರೆ ಇಲ್ಲೇ ನೆಲದ ಮೇಲೆ ಆಗಿ ಮುಗಿಯಲಿ ಎಂದು ಓಂಕಾರಪ್ಪನ ಲೆಕ್ಕಾಚಾರ. ಹೋಗುವಾಗ ಯಾರು ಎಲ್ಲಿ, ಬರುವಾಗ ಯಾರು ಎಲ್ಲಿ, ಎರಡನ್ನೂ ಕೂರಿಸಿ ನೋಡುವುದು, ಒಪ್ಪಿದ ಮೇಲೆ ಪುಸ್ತಕದಲ್ಲಿ ಬರೆದುಕೊಳ್ಳುವುದು.

ಮಂಡಿಯಲ್ಲಿ ಅಡಿಕೆ ಆರಿಸುವ ದೊಡ್ಡಕ್ಕ ಎಲ್ಲರಿಗಿಂತ ಮೊದಲು ಹೋಗಿ ಎರಡನೇ ಸಾಲಿನ ಕಿಟಕಿ ಹಿಡಿದು ಕೂತಳು. ಅಗಲವಾದ ಹೆಂಗಸು. ಗೆರೆ ಕಾಣಿಸದಾಯಿತು.

"ದೊಡ್ಡಕ್ಕ, ನೀನು ಒಂದೂವರೆ ಚೌಕ ಹಿಡ್ದೀ" ಎಂದ ಪಕ್ಕದಲ್ಲಿ ಕೂತ ಚಿಕ್ಕಹನುಮಂತಪ್ಪ. ಅವನು ಮಂಡಿಯಲ್ಲಿ ಮೂಟೆ ಹೊಲಿಯುವ ಮುದುಕ.

"ನಿಂದು ಅರ್ಧ ಮಿಗತೈತಲ್ಲಪ್ಪ, ಸರಿಹೋಯ್ತು."

"ಅಲ್ಲಾ, ಸಮುದ್ರ ನಮ್ಮ ಸೂಳೆಕೆರೆಗಿಂತ ದೊಡ್ಡದೇನು?"

"ಅದನ್ನೇ ನೋಡಾಕೆ ಹೋಗ್ತಿರಾದು. ಅಳತೆ ಮಾಡ್ಕಂಡು ಬರುವಿಯಂತೆ, ಸುಮ್ಕೆ ಕೂರು."

ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಉಚ್ಚಂಗೆಮ್ಮನೂ, ಉಳಿದವರು ನಕ್ಕಿದ್ದನ್ನು ನೋಡಿ, ತುಟಿ ಅಗಲಿಸಿದಳು. ಆಮೇಲೆ ಗೆರೆ ತುಳಿಯದಂತೆ ಸೀರೆ ಎತ್ತಿ ಹಿಡಿದು ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಪಕ್ಕದ ಚೌಕ ಖಾಲಿ ಇತ್ತು. ಅದರ ಮೇಲೆ ಅಂಗೈ ಊರಿ ಹೇಳಿದಳು:

"ಗುಮಾಸ್ತರೇ, ನಂಗೆ ಹೋಗಾಕೆ ಒಂದು, ಬರಾಕೆ ಎರಡು ಬರ್ಕಳ್ರಿ."

ಉಚ್ಚಂಗೆಮ್ಮ ಸೂಳೆಕೆರೆಯ ಏರಿಯ ಕೆಳಗಿನ ಒಂದು ಹಳ್ಳಿಯವಳು. ಹದಿನಾಲ್ಕಕ್ಕೆ ಮದುವೆಯಾಗಿ ಚನ್ನಗಿರಿಗೆ ಬಂದಳು. ಮಕ್ಕಳಾಗಲಿಲ್ಲ. ಗಂಡ ಅಂಜಿನಪ್ಪ ಇದೇ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಎಂಟು ವರ್ಷದ ಹಿಂದೆ, ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಐತೆ ಎಂದು ಯಾರೋ ಹೇಳಿದ್ದು ಕೇಳಿ ಹೊರಟ. ಹೋಗುವ ದಿನ ಬೆಳಿಗ್ಗೆ ಅವಳು ರೊಟ್ಟಿ ಕಟ್ಟಿಕೊಟ್ಟಿದ್ದಳು. ಬಸ್ಸು ಬಂದ ಗಡಿಬಿಡಿಯಲ್ಲಿ ಬುತ್ತಿ ಜಗಲಿಯ ಮೇಲೇ ಉಳಿಯಿತು. ಮೊದಲೆರಡು ವರ್ಷ ಕಾರ್ಡು ಬರುತ್ತಿತ್ತು. ಆಮೇಲೆ ಬರಲಿಲ್ಲ. ಓಂಕಾರಪ್ಪನ ಕೈಲಿ ಮೂರು ಸಲ ಬರೆಸಿ ಹಾಕಿದ್ದಳು, ಒಂದಕ್ಕೂ ಉತ್ತರ ಇಲ್ಲ.

ಮೊದಮೊದಲು ಅವಳಿಗೆ ಅಳು ಬರುತ್ತಿತ್ತು. ಆಮೇಲೆ ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ದಿನ ಎರಡೂ ಇಲ್ಲವಾದವು. ಯಾವ ದಿನ ಎಂದು ಅವಳಿಗೇ ತಿಳಿಯಲಿಲ್ಲ. ಬೆಳಗಾದರೆ ಮಂಡಿಗೆ ಬಂದು ರಾಶಿಯ ಮುಂದೆ ಕೂರುತ್ತಿದ್ದಳು. ಅಡಿಕೆ ಆರಿಸುವುದರಲ್ಲಿ ಅವಳ ಬೆರಳಿಗೆ ಸರಿಸಾಟಿ ಇರಲಿಲ್ಲ. ಒಳ್ಳೆಯ ಬೆಟ್ಟೆ ಅಡಿಕೆ ಒಂದು ಕಡೆ, ಕಡಿಮೆ ದರ್ಜೆಯ ಗೊರಬಲು ಒಂದು ಕಡೆ, ಹುಳು ಹಿಡಿದದ್ದು ಇನ್ನೊಂದು ಕಡೆ. ಕಣ್ಣು ಎತ್ತಲೋ ಇದ್ದರೂ ಬೆರಳು ತಪ್ಪುತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ ಅತ್ತೆ ಗಿಡ್ಡಮ್ಮನಿಗೆ ಮುದ್ದೆ ಮಾಡಿ ಹಾಕಿ, ಎಮ್ಮೆ ಕಟ್ಟಿ ಮಲಗುತ್ತಿದ್ದಳು. ಮಳೆ ಬಂದರೆ ಬಂತು, ಬಿಸಿಲು ಬಿದ್ದರೆ ಬಿತ್ತು.

ಒಂದೇ ಒಂದು ಕಡೆ ಅದು ಅಷ್ಟು ಸಲೀಸಾಗಿರಲಿಲ್ಲ. ಯಾರ ಮನೆಯ ಶುಭಕಾರ್ಯದಲ್ಲಾದರೂ ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಅವಳ ಮುಂದೆ ಬಂದಾಗ ಅವರ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಕೊಡಬೇಕೋ ಬೇಡವೋ ಎಂದು ಅವರು ಪಕ್ಕದವರ ಮುಖ ನೋಡುತ್ತಿದ್ದರು. ಆಮೇಲೆ ಕೊಡುತ್ತಿದ್ದರು. ಆ ಒಂದು ಗಳಿಗೆ ಅವಳು ತಟ್ಟೆಯ ಅಂಚನ್ನೇ ನೋಡುತ್ತಾ ಕೂರುತ್ತಿದ್ದಳು. ಮಂಗಳೂರಿಗೆ ಬಸ್ಸು ಎಂಬ ಮಾತು ಕಿವಿಗೆ ಬಿದ್ದಾಗ ಅವಳಿಗೆ ಸಂತೋಷವೇನೂ ಆಗಲಿಲ್ಲ. ಹೋಗಿ ಕರೆಯಬೇಕು, ಬಂದರೆ ಕರೆದುಕೊಂಡು ಬರಬೇಕು, ಬರಲ್ಲ ಎಂದರೆ ಎದುರಿಗೆ ನಿಂತು ಹೇಳಲಿ, ಎಂದಷ್ಟೇ ಅಂದುಕೊಂಡಳು. ಕರೆಯಲು ಹೋಗುವವಳು ಅವನಿಗೆ ಜಾಗ ಇಟ್ಟುಕೊಳ್ಳದೆ ಹೋಗುವುದು ಅವಳಿಗೆ ಸರಿ ಕಾಣಲಿಲ್ಲ.

ಓಂಕಾರಪ್ಪ ಸೀಮೆಸುಣ್ಣ ಕಿವಿಯ ಸಂದಿಗೆ ಸಿಗಿಸಿಕೊಂಡ.

"ನೋಡವ್ವ, ಬರಾಕೆ ಎರಡು ಅಂದ್ರೆ ಹೋಗಾಕೂ ಎರಡೇ ಆಗತೈತೆ. ಬಸ್ಸಿನೋರು ಸೀಟು ನಡುದಾರೀಲಿ ಹುಟ್ಟಿಸಾಕೆ ಆಗಲ್ಲ."

"ಹೋಗುವಾಗ ಅಲ್ಲಿ ಅಕ್ಕಿ ಮೂಟೆ ಇಡ್ರಿ. ಎಲ್ಲಾರಿಗೂ ಅಡುಗೆಗೆ ಒಯ್ಯಾದು ಐತಲ್ಲ. ಬರುವಾಗ ತಿಂದು ಖಾಲಿ ಆಗಿರತೈತೆ."

ಲೆಕ್ಕ ಸರಿಯಾಗಿತ್ತು, ಯಾರಿಗೂ ತಪ್ಪು ಹುಡುಕಲು ಆಗಲಿಲ್ಲ.

"ಅಕ್ಕಿ ಮೂಟೆ ಹೋಗಿ ಗಂಡ ಬರ್ತಾನೆ ಅನ್ನು" ಎಂದಳು ದೊಡ್ಡಕ್ಕ ತಿರುಗಿ. "ತೂಕ ನೋಡಿ ಹತ್ತಿಸ್ಕಳೇ ಉಚ್ಚಂಗಿ, ಎಂಟು ವರ್ಷದಾಗೆ ಊದಿರ್ತಾನೆ."

"ಸಮುದ್ರದ ಮೀನು ತಿಂದೋನು" ಎಂದು ಚಿಕ್ಕಹನುಮಂತಪ್ಪ ಸೇರಿಸಿದ.

ಉಚ್ಚಂಗೆಮ್ಮ ಅದಕ್ಕೂ ತುಟಿ ಅಗಲಿಸಿದಳು. ಓಂಕಾರಪ್ಪ ಆ ಚೌಕದಲ್ಲಿ ಗುರುತಿಗೆ ಒಂದು ಗೋಟು ಅಡಿಕೆ ತಂದಿಟ್ಟು, ಪುಸ್ತಕದಲ್ಲಿ ಬರೆದುಕೊಂಡ.

ಆ ವಾರವೇ ಓಂಕಾರಪ್ಪ ಮಂಡಿಯ ಸಾಹುಕಾರರ ಕೆಲಸದ ಮೇಲೆ ಮಂಗಳೂರಿಗೆ ಹೊರಟ. ಹಾಗೆಯೇ ಇಳಿದುಕೊಳ್ಳಲು ಛತ್ರ, ಅಡುಗೆಗೆ ಜಾಗ ಎಲ್ಲ ನೋಡಿಕೊಂಡು ಬರುವುದೆಂದು ಆಯಿತು. ಹೊರಡುವ ಹಿಂದಿನ ದಿನ ಉಚ್ಚಂಗೆಮ್ಮ ಹಳೆಯ ಕಾರ್ಡೊಂದನ್ನು ತಂದು ಅವನ ಮೇಜಿನ ಮೇಲಿಟ್ಟಳು. ಕಾರ್ಖಾನೆಯ ವಿಳಾಸ ಅದರಲ್ಲಿತ್ತು.

"ನಾನು ಕೇಳ್ತೀನಿ ಬಿಡವ್ವ" ಎಂದ.

"ಕೇಳೋದು ಬ್ಯಾಡ್ರಿ. ಇದಾರಾ ಅಂತ ನೋಡಿ ಬರ್ರಿ ಸಾಕು. ಕೇಳೋದು ನಾನು ಕೇಳ್ತೀನಿ."

ಓಂಕಾರಪ್ಪ ಇಲ್ಲದ ಎಂಟು ದಿನವೂ ಅಂಗಳದ ಬಸ್ಸು ಹಾಗೆಯೇ ಇತ್ತು. ಗುಡಿಸುವವಳು ಗೆರೆ ಬಿಟ್ಟು ಗುಡಿಸುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಹೆಂಗಸರು ತಮ್ಮ ತಮ್ಮ ಚೌಕದಲ್ಲಿ ಹೋಗಿ ಕೂತು ಬುತ್ತಿ ಬಿಚ್ಚುತ್ತಿದ್ದರು. ತೀರ್ಥಹಳ್ಳಿ ಬಂತು, ಆಗುಂಬೆ ಬಂತು, ಇನ್ನು ಘಾಟಿ, ಬಿಗಿಯಾಗಿ ಹಿಡ್ಕಳ್ರಿ ಎಂದು ದೊಡ್ಡಕ್ಕ ಕೂಗಿದರೆ ಎಲ್ಲರೂ ಒಂದೇ ಕಡೆಗೆ ವಾಲುತ್ತಿದ್ದರು. ಉಚ್ಚಂಗೆಮ್ಮನೂ ವಾಲುತ್ತಿದ್ದಳು, ಪಕ್ಕದ ಚೌಕದ ಕಡೆಗೆ. ಅಲ್ಲಿ ಆನಿಸಿಕೊಳ್ಳಲು ಏನೂ ಇರಲಿಲ್ಲ. ಕೈ ಊರಿ ನೆಟ್ಟಗಾಗುತ್ತಿದ್ದಳು.

ಒಂಬತ್ತನೇ ದಿನ ಓಂಕಾರಪ್ಪ ಬಂದ. ಛತ್ರ ಗೊತ್ತಾಗಿದೆ, ಬಾವಿ ಹತ್ತಿರದಲ್ಲೇ ಇದೆ, ಸಮುದ್ರದಲ್ಲಿ ಮೊಣಕಾಲಿಗಿಂತ ಮುಂದೆ ಯಾರೂ ಹೋಗಬಾರದು, ಎಂದೆಲ್ಲ ಹೇಳಿದ. ಸಂಜೆ ಎಲ್ಲರನ್ನೂ ಮತ್ತೆ ಕೂರಿಸಿದ. ಹೋಗುವ ಪಾಳಿ ಮೊದಲೇ ಮುಗಿದಿತ್ತು. ಈಗ ಬರುವ ಪಾಳಿ. ಹೋಗುವಾಗ ಕಿಟಕಿ ಸಿಕ್ಕವರು ಬರುವಾಗ ಬಿಟ್ಟುಕೊಡಬೇಕು. ದೊಡ್ಡಕ್ಕ ಗೊಣಗುತ್ತಾ ಜರುಗಿದಳು. ಓಂಕಾರಪ್ಪ ಒಂದೊಂದೇ ಸಾಲಿಗೆ ಬರುತ್ತಾ ಹೆಸರು ಕೂಗುತ್ತಾ ಕೊನೆಯ ಸಾಲಿಗೆ ಬಂದ. ಉಚ್ಚಂಗೆಮ್ಮನ ಮುಖ ನೋಡಲಿಲ್ಲ. ಬಗ್ಗಿ, ಪಕ್ಕದ ಚೌಕದಲ್ಲಿದ್ದ ಗೋಟು ತೆಗೆದು ಜೇಬಿಗೆ ಹಾಕಿಕೊಂಡ.

"ಇಲ್ಲಿ ಸಾಹುಕಾರ್ರ ತೆಂಗಿನಕಾಯಿ ಮೂಟೆ" ಎಂದ.

"ಅದು ನಾನು ಹೇಳಿದ ಜಾಗ" ಎಂದಳು ಉಚ್ಚಂಗೆಮ್ಮ.

"ಗೊತ್ತೈತವ್ವ."

ಮುಂದಿನ ಸಾಲಿನವರು ತಿರುಗಿದರು. ಓಂಕಾರಪ್ಪ ಪುಸ್ತಕದ ಮೂಲೆಯನ್ನು ಮಡಿಸಿದ, ಬಿಡಿಸಿದ.

"ನೋಡಿದ್ರಾ?"

"ನೋಡ್ದೆ."

"ಇದಾರಾ?"

"ಇದಾರೆ. ಆರಾಮಾಗೇ ಇದಾರೆ. ಈಗ ಬ್ಯಾರೆ ಕಾರ್ಖಾನೆ." ಅವನು ಕೆಮ್ಮಿದ. "ನೀನು ಕೇಳಬ್ಯಾಡ ಅಂದಿದ್ದೆ, ನಾನು ಕೇಳ್ಲಿಲ್ಲ. ಅವರೇ ಮನೆಗೆ ಕರ್ಕಂಡು ಹೋದ್ರು. ಮನೇಲಿ ಹೆಂಡ್ತಿ ಅದಾಳೆ. ಎರಡು ಮಕ್ಕಳು. ಬಸ್ಸು ಬರೋ ವಿಷ್ಯ ಹೇಳಿದ್ದಕ್ಕೆ, ಉಚ್ಚಂಗಿ ಇಲ್ಲಿಗೆ ಬರೋದು ಬ್ಯಾಡ ಅನ್ರಿ ಅಂದ್ರು."

ಇಪ್ಪತ್ತು ಜನರೂ ಕೂತಲ್ಲೇ ಕೂತಿದ್ದರು. ಓಡುತ್ತಿರುವ ಬಸ್ಸಿನಿಂದ ಇಳಿಯಲು ಬಾರದವರಂತೆ ಒಬ್ಬರೂ ಏಳಲಿಲ್ಲ. ಬೀದಿಯಲ್ಲಿ ಒಂದು ಗಾಡಿ ಹೋಯಿತು. ಉಚ್ಚಂಗೆಮ್ಮ ತನ್ನೊಳಗೆ ಏನಾದರೂ ಆಗುತ್ತದೆಯೇ ಎಂದು ಕಾದಳು. ಆಗಲಿಲ್ಲ. ಎರಡು ಮಕ್ಕಳು ಎಂಬುದನ್ನು ಇನ್ನೊಂದು ಸಲ ಮನಸ್ಸಿನಲ್ಲಿ ಹೇಳಿಕೊಂಡು ನೋಡಿದಳು. ಹಣೆಯ ಮೇಲಿನ ಕುಂಕುಮ ತುರಿಸಿದಂತಾಯಿತು, ಅಷ್ಟೆ. ಕೈಯೆತ್ತಲಿಲ್ಲ.

ದೊಡ್ಡಕ್ಕ ಎದ್ದಳು. ಮೊಣಕಾಲು ಹಿಡಿದುಕೊಂಡು ಹಿಂದಿನ ಸಾಲಿಗೆ ಬಂದು ಆ ಖಾಲಿ ಚೌಕದಲ್ಲಿ ದೊಪ್ಪನೆ ಕೂತಳು.

"ಅವನ ಬಾಯಿಗೆ ಮಣ್ಣು ಹಾಕ. ತೆಂಗಿನಕಾಯಿ ಬ್ಯಾಡ, ಗುಮಾಸ್ತರೇ. ಬರುವಾಗ ನಾನು ಇಲ್ಲಿ ಕೂರ್ತೀನಿ. ಅಲ್ಲಿ ಮುಂದೆ ನಂಗೆ ವಾಂತಿ ಬಂದಂಗೆ ಆಗತೈತೆ."

"ನೀನೆಲ್ಲಿ ಬಸ್ಸು ಹತ್ತಿ ವಾಂತಿ ಮಾಡ್ದೆ, ಅಂಗಳದಾಗೆ?" ಎಂದ ಚಿಕ್ಕಹನುಮಂತಪ್ಪ, ಮೆಲ್ಲಗೆ.

ಯಾರೂ ನಗಲಿಲ್ಲ. ಉಚ್ಚಂಗೆಮ್ಮ ದೊಡ್ಡಕ್ಕನ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದಳು:

"ನೀನು ನಿನ್ನ ಜಾಗಕ್ಕೆ ಹೋಗು ದೊಡ್ಡಕ್ಕ." ಆಮೇಲೆ ಓಂಕಾರಪ್ಪನ ಕಡೆ ತಿರುಗಿದಳು. "ಬರಾಕೆ ಎರಡು ಹಂಗೇ ಇರ್ಲಿ. ಹೋಗಾಕೂ ಎರಡು ಮಾಡ್ರಿ. ಅಕ್ಕಿ ಮೂಟೆ ಬಸ್ಸಿನ ಮೇಲೆ ಕಟ್ಟಿಸ್ರಿ. ನಮ್ಮತ್ತೆ ಬರ್ತಾರೆ."

"ಗಿಡ್ಡಮ್ಮಾರಾ? ಅವರು ಬರಲ್ಲ ಅಂದಿದ್ರಲ್ಲ."

"ಆಗ ಅವರ ಮಗನ್ನ ನಾನು ಕರ್ಕಂಡು ಬರ್ತೀನಿ ಅಂತ ಇತ್ತು. ಈಗ ಅವರೇ ಹೋಗಿ ನೋಡ್ಬೇಕಲ್ಲ. ಮಗ. ಮೊಮ್ಮಕ್ಕಳು ಬ್ಯಾರೆ ಅದಾವೆ."

"ಮತ್ತೆ ನೀನು?"

"ನಾನು ಛತ್ರದಾಗೆ ಇರ್ತೀನಿ. ಸಮುದ್ರ ನೋಡ್ತೀನಿ."

ಮನೆಗೆ ಹೋದಾಗ ಗಿಡ್ಡಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಉಚ್ಚಂಗೆಮ್ಮ ನಿಂತುಕೊಂಡೇ ಎಲ್ಲ ಹೇಳಿದಳು, ಓಂಕಾರಪ್ಪ ಹೇಳಿದ ಮಾತುಗಳಲ್ಲೇ, ಹೆಚ್ಚು ಮಾಡದೆ, ಕಡಿಮೆ ಮಾಡದೆ. ಗಿಡ್ಡಮ್ಮನ ಕೈ ನಿಂತಿತು. ಕಾಳು ಎಷ್ಟೋ ಹೊತ್ತು ಅವಳ ಬೆರಳುಗಳ ನಡುವೆಯೇ ಇತ್ತು.

"ಗಂಡೋ ಹೆಣ್ಣೋ?" ಎಂದಳು ಕೊನೆಗೆ.

"ಕೇಳ್ಲಿಲ್ಲ, ಅತ್ತೆ. ನೀವೇ ಹೋಗಿ ನೋಡ್ರಿ."

ಗಿಡ್ಡಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಎಂಟು ವರ್ಷದಿಂದ ಒಂದೇ ಒಲೆಯ ಮುಂದೆ ಇಬ್ಬರೇ ಕೂತವರು.

"ನನ್ನ ಅಲ್ಲಿ ಬಿಟ್ಟು ಬರಾಕೆ ಕರ್ಕಂಡು ಹೋಗ್ತಿದೀಯೇನೇ?"

ಉಚ್ಚಂಗೆಮ್ಮನಿಗೆ ಆ ಯೋಚನೆ ಬಂದಿರಲಿಲ್ಲ. ಈಗ ಬಂತು. ಹಾಗೂ ಮಾಡಬಹುದು, ಯಾರೂ ತಪ್ಪು ಎನ್ನುವುದಿಲ್ಲ. ಅವನ ತಾಯಿ, ಅವನ ಮನೆ. ತನಗೆ ಇನ್ನು ಈ ಮನೆಯಲ್ಲಿ ಯಾವ ಹಂಗೂ ಇಲ್ಲ. ಅವಳು ಹಾಗೆಂದು ಯೋಚಿಸಿದಳು, ರಾಶಿಯಿಂದ ಒಂದು ಅಡಿಕೆ ಎತ್ತಿ ತಿರುಗಿಸಿ ನೋಡುವ ಹಾಗೆ, ಮತ್ತೆ ಅದನ್ನು ಬದಿಗಿಟ್ಟಳು.

"ಇಲ್ಲ. ಬರಾಕೂ ನಿಮಗೆ ಸೀಟು ಬರ್ಸೀನಿ."

"ಅವನು ಇರು ಅಂದ್ರೆ?"

"ನಿಮಗೆ ಇರಬೇಕು ಅನ್ಸಿದ್ರೆ ಇರ್ರಿ. ಇಲ್ಲಾಂದ್ರೆ ಬಸ್ಸು ಬೆಳಿಗ್ಗೆ ಆರಕ್ಕೆ ಹೊರಡತೈತೆ."

ಗಿಡ್ಡಮ್ಮ ಕಾಳನ್ನು ಮೊರಕ್ಕೆ ಹಾಕಿದಳು. ಇನ್ನೊಂದು ಕಾಯಿ ಎತ್ತಿಕೊಂಡಳು. ಉಚ್ಚಂಗೆಮ್ಮನೂ ಕೆಳಗೆ ಕೂತು ರಾಶಿಗೆ ಕೈ ಹಾಕಿದಳು. ಹೊರಗೆ ಬೆಳಕು ಇಳಿಯುತ್ತಿತ್ತು.

"ನಾಕು ದಿನ ಎಮ್ಮೆ ಹಾಲು ಯಾರು ಕರೀತಾರೆ?" ಎಂದಳು ಗಿಡ್ಡಮ್ಮ. "ಅದು ಎಲ್ಲಾರಿಗೂ ಸೊರೆ ಬಿಡಲ್ಲ."

"ಓಣಿ ಕಡೇಮನೆ ಬೊಮ್ಮಕ್ಕಗೆ ಹೇಳ್ತೀನಿ. ಅವಳಿಗೆ ಬಿಡತೈತೆ."

"ಈಗಲೇ ಹೇಳಿ ಬಾ. ತಡ ಆದ್ರೆ ಅವಳು ಜಗಳೂರಿಗೆ ಮಗಳ ಮನೆಗೆ ಹೊರಟುಬಿಡ್ತಾಳೆ."

ಉಚ್ಚಂಗೆಮ್ಮ ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದು, ಸೆರಗು ಸರಿಮಾಡಿಕೊಂಡು ಬೊಮ್ಮಕ್ಕನ ಮನೆಯ ಕಡೆ ನಡೆದಳು.