ಬಿಚ್ಚಿದ ಸಾರುವೆ

ಕನ್ಯಾಕುಮಾರಿಯ ದೋಣಿ ಹತ್ತುವವರೆಗೂ ಪೇಚ್ಚಿಯಮ್ಮ ಒಂದೇ ರಾಗ ಹಿಡಿದಿದ್ದಳು. "ಇಪ್ಪತ್ತೈದು ವರ್ಷದಿಂದ ಕೇಳ್ತಿದೀನಿ, ವಳ್ಳುವರ್‌ನ ನಾನೇ ನಿಲ್ಸಿದ್ದು ಅಂತೀರಿ. ಇವತ್ತು ತೋರ್ಸಿ, ನಿಮ್ಮ ಕೈಕೆಲಸ ಯಾವ್ದು ಅಂತ."

ಗಂಡ ಇಸಕ್ಕಿಮುತ್ತು ನಕ್ಕ. ಅವನು ಶಿಲ್ಪಿಯಲ್ಲ. ಕಟ್ಟಡಗಳ ಸುತ್ತ ಸರ್ವೆ ಮರದ ಕಂಬ ನಿಲ್ಲಿಸಿ, ನಾರಿನ ಹಗ್ಗ ಬಿಗಿದು, ಕೆಲಸಗಾರರು ಹತ್ತಿ ನಿಲ್ಲುವ ಸಾರುವೆ ಕಟ್ಟುವವನು. ವಳ್ಳಿಯೂರಿನ ಸುತ್ತಮುತ್ತ ಅವನು ಏರದ ಗೋಪುರವಿರಲಿಲ್ಲ. ಸಮುದ್ರದ ಬಂಡೆಯ ಮೇಲೆ ನೂರ ಮೂವತ್ತಮೂರು ಅಡಿಯ ತಿರುವಳ್ಳುವರ್ ಏಳತೊಡಗಿದಾಗ, ಕಲ್ಲಿನ ಜೊತೆಜೊತೆಗೇ ಸಾರುವೆಯನ್ನು ಏರಿಸುತ್ತ ಹೋದವರಲ್ಲಿ ಅವನೂ ಒಬ್ಬ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಅಂಗೈ ಸುಲಿದಿರುತ್ತಿತ್ತು. ಪೇಚ್ಚಿಯಮ್ಮನೇ ಅನ್ನ ಕಲಸಿ ತುತ್ತಿಡುತ್ತಿದ್ದಳು. ದೋಣಿಯೆಂದರೆ ಅವಳಿಗೆ ಜೀವಭಯ. ಹಾಗಾಗಿ ಇಷ್ಟು ವರ್ಷ ಮೂರ್ತಿಯನ್ನು ದಡದಿಂದ ನೋಡಿದ್ದೇ ಬಂತು. ಅವಳ ಮಂಡಿನೋವು ಇನ್ನೂ ಹೆಚ್ಚುವ ಮೊದಲು ಒಮ್ಮೆ ಹೋಗಿಬರೋಣವೆಂದು ಈ ಸಲ ಅವನು ಪಟ್ಟು ಬಿಡಲಿಲ್ಲ.

ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿ ಅವನ ತೋಳು ಹಿಡಿದೇ ಕುಳಿತಳು. ಪೀಠದೊಳಗಿನ ಮೆಟ್ಟಿಲುಗಳನ್ನು ಕೂತು ಎದ್ದು ಹತ್ತಿದಳು. ಕೊನೆಗೆ ಕಲ್ಲಿನ ಪಾದದ ಬಳಿ ನಿಂತಾಗ, ದಡದಿಂದ ಗೊಂಬೆಯಂತೆ ಕಂಡಿದ್ದ ವಳ್ಳುವರ್ ಆಕಾಶ ತುಂಬಿ ನಿಂತಿದ್ದ.

"ಎಲ್ರೀ, ನಿಮ್ದು?"

"ಏನೂ ಇಲ್ಲ ಕಣೇ. ಎಲ್ಲಾ ಬಿಚ್ಚಿಬಿಟ್ವಲ್ಲ."

"ಬಿಚ್ಚಿದ್ದಕ್ಕಾ ಇಷ್ಟು ಜಂಬ?"

"ಕಟ್ಟೋದಾದ್ರೂ ಕಟ್ಟಬಹುದು, ಪೇಚ್ಚಿ. ಬಿಚ್ಚೋದೇ ಕಷ್ಟ." ಅವನು ಮೇಲಕ್ಕೆ ಕೈ ತೋರಿಸಿದ. "ಎತ್ತಿರೋ ಆ ಮೂರು ಬೆರಳು ನೋಡು. ಅದರ ಪಕ್ಕದ ಕಂಬ ಇಳಿಸೋ ದಿನ ಗಾಳಿ ಎದ್ದುಬಿಡ್ತು. ಕಂಬ ತೂಗಾಡಿ ತಗುಲಿದ್ರೆ ಬೆರಳು ಚಕ್ಕೆ ಏಳುತ್ತೆ. ನಾನೇ ಮಧ್ಯ ನಿಂತೆ. ಬಂದು ಬಡಿದಿದ್ದು ನನ್ನ ಭುಜಕ್ಕೆ."

ಪೇಚ್ಚಿಯಮ್ಮ ಗಂಡನನ್ನೇ ದಿಟ್ಟಿಸಿದಳು. "ಬಸ್ಸಿಂದ ಬಿದ್ದೆ ಅಂದಿದ್ರಲ್ರೀ! ಒಂದು ತಿಂಗಳು ಎಣ್ಣೆ ತಿಕ್ಕಿದೀನಿ!"

"ನಿಜ ಹೇಳಿದ್ರೆ ಮತ್ತೆ ಕೆಲಸಕ್ಕೆ ಕಳಿಸ್ತಿದ್ಯಾ?"

ಅವಳು ಹಣೆಗೆ ಕೈ ಅಡ್ಡ ಹಿಡಿದು ಆ ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಪಕ್ಕದಲ್ಲಿ ತನ್ನ ಮನೆಯವರ ಫೋಟೋ ತೆಗೆಯುತ್ತಿದ್ದ ಮದುರೆಯ ಹೆಂಗಸಿನ ಮೊಣಕೈ ತಟ್ಟಿದಳು.

"ಏನಮ್ಮಾ, ನಿನ್ನ ಕಣ್ಣು ಚುರುಕಾಗಿದೆ. ಆ ಬೆರಳಲ್ಲಿ ಎಲ್ಲಾದ್ರೂ ಒಂದು ಗೀರು ಕಾಣುತ್ತಾ?"

ಆಕೆ ಕಕ್ಕಾಬಿಕ್ಕಿಯಾಗಿ ಮೇಲೆ ನೋಡಿ, "ಇಲ್ವಲ್ಲ, ಅಕ್ಕಾ" ಎಂದಳು.

"ಎಲ್ಲಿಂದ ಕಾಣುತ್ತೆ? ಸಾರುವೆ ಬಿಚ್ಚಿದ್ದು ನಮ್ಮ ಯಜಮಾನ್ರು!"

ಇಸಕ್ಕಿಮುತ್ತು ಸಂಕೋಚದಿಂದ ಹೆಂಡತಿಯ ಸೆರಗು ಜಗ್ಗಿದ. ಅವಳು ಕೊಡವಿಕೊಂಡು, ಅದನ್ನೇ ಹೇಳಲು ಮುಂದಿನವರ ಕಡೆ ತಿರುಗಿದಳು. ಮದುರೆಯವರು ಅವನನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಅವನು ಎದೆಯುಬ್ಬಿಸಿ, ಪೆಟ್ಟು ತಿಂದ ಭುಜವನ್ನೇ ಮುಂದೆ ಮಾಡಿ ನಿಂತ.

ಅಷ್ಟರಲ್ಲಿ ಎರಡು ದೋಣಿಗಳು ಜನರನ್ನು ತುಂಬಿಕೊಂಡು ದಡಕ್ಕೆ ಹೋಗಿದ್ದವು. ಪೇಚ್ಚಿಯಮ್ಮನಿಗೆ ಇಳಿಯುವ ಅವಸರವೇ ಇರಲಿಲ್ಲ.