ಪೂಜಿಗೆ ಕೂತ ಸರ್ವರ್

ಆಂಟಾಪ್ ಹಿಲ್ಲಿನ ಆ ಸಾಲುಮನಿ ಚಾಳಿನಾಗ ಸುಭಾಷ ಅಂದ್ರ ಸಣ್ಣ ಮನಿಷ್ಯಾ ಅಲ್ಲ. ಹದಿನೆಂಟು ವರ್ಷದಾಂವ ಇದ್ದಾಗ ಇಂಡಿ ತಾಲೂಕಿನಿಂದ ಬಂದು, ಕಂಬ ಹತ್ತಿ, ಇಂಟರ್ನೆಟ್ ವಾಯರ್ ಎಳಿಯೋ ಕೆಲಸದಾಗೇ ನಲವತ್ತು ದಾಟಿದಾಂವ. ಹತ್ತನೇತ್ತಾ ಫೇಲ್. ಆದ್ರ ಕೈಯಾಗ ಬುದ್ಧಿ ಇತ್ತು ನೋಡ್ರಿ. ಮಲಾಡದ ಆಫೀಸಿನವರು ಗುಜರಿಗೆ ಹಾಕಿದ್ದ ಕಂಪ್ಯೂಟರ್ ಹೊತ್ತು ತಂದು, ಮೊಬೈಲ್‌ನಾಗ ವಿಡಿಯೋ ನೋಡಿ ನೋಡಿ ಮನ್ಯಾಗೇ ಒಂದು ಸರ್ವರ್ ಎಬ್ಬಿಸಿ ನಿಲ್ಲಿಸಿದ್ದ!

ಅದ್ಯಾಕ ಬೇಕಾಗಿತ್ತು ಅಂದ್ರ, ಹ್ವಾದ ಮಳಿಗಾಲದಾಗ ಚಾಳಿಗೆ ನೀರು ಹೊಕ್ಕು ಮಂದಿ ಕಾಗದ-ಪತ್ರ ಹಿಟ್ಟಾಗಿ ಹೋಗಿದ್ದವು. ಉಳಿದದ್ದನ್ನ ಒಣಗಿಸಿ, ಸ್ಕ್ಯಾನ್ ಮಾಡಿ, ಸುಭಾಷ ಅದರಾಗ ಇಟ್ಟ. ಅವರವರ ಕಾಗದಕ್ಕ ಅವರವರ ಪಾಸ್‌ವರ್ಡು. ಸರ್ವರ್ ಚಾಲೂ ಇದ್ರ ಸಾಕು, ಎಲ್ಲಿದ್ರೂ ಮೊಬೈಲ್‌ನಾಗ ಅದರ ಪೇಜ್ ತೆಗೀಬಹುದು. "ಯಾವುದೋ ಕಂಪನಿ ಕೈಯಾಗ ಯಾಕ ಕೊಡೂದು? ನಮ್ಮ ಕಾಗದ ನಮ್ಮ ಚಾಳಿನಾಗ ಇರ್ಲಿ," ಅಂತ ಎದಿ ತಟ್ಕೊಂಡು ಹೇಳಿದ್ದ. ಬಾಜೂಮನಿ ಗೌಂಡಿ ನೀಲಕಂಠಪ್ಪನ ಒಂದು ಚೀಟಿನೂ ಅದರಾಗಿತ್ತು. ಹಿಂದೊಮ್ಮೆ ಒಂದು ಇಂಜೆಕ್ಷನ್ ಒಗ್ಗದೇ ನೀಲಕಂಠಪ್ಪ ಸಾಯೂದು ಸ್ವಲ್ಪದರಾಗ ತಪ್ಪಿತ್ತು. ಆ ಇಂಜೆಕ್ಷನ್ ಹೆಸರು ಡಾಕ್ಟರು ಬರೆದುಕೊಟ್ಟ ಚೀಟಿ ಅದು. ನೀರು ಕುಡದಿದ್ದ ಚೀಟಿ ಸ್ಕ್ಯಾನ್ ಮಾಡೂದ್ರಾಗ ಚೂರುಚೂರಾಗಿ, ಕಂಪ್ಯೂಟರಿನಾಗಿನ ನಕಲು ಒಂದೇ ಉಳಿದಿತ್ತು.

ಚಾಳಿಗೆಲ್ಲ ತಿಳಿಸಿ ಹೇಳಿದಾಂವ ಮನ್ಯಾಗಿನ ಹೆಂಡತಿಗೆ ಮಾತ್ರ ಏನೂ ಹೇಳಿರಲಿಲ್ಲ. ಮಹಾದೇವಿ ಒಮ್ಮೆ, "ಇದೇನ್ರೀ, ಹಗಲೂ ರಾತ್ರಿ ಗುಂಯ್ ಅಂತದ?" ಅಂದ್ರ, "ನಿನಗ ತಿಳಿಯಂಗಿಲ್ಲ, ಬಿಡು," ಅಂದಿದ್ದ. ಅಲ್ಲಿಗೆ ಮುಗೀತು.

ಖಂಡೇ ಪೂಜಿ ಬಂತು. ಅವತ್ತು ದುಡಿಯೋ ಹತ್ಯಾರಕ್ಕ ಪೂಜಿ. ಪೂಜಿಗೆ ಕೂಡಿಸಿದ ಹತ್ಯಾರ ಮರುದಿನದ ತನಕ ಮುಟ್ಟೂದಿಲ್ಲ, ನಡಸೂದಿಲ್ಲ. ಸುಭಾಷ ತನ್ನ ಇಕ್ಕಳ, ಡ್ರಿಲ್ ಮಷೀನು ಒರೆಸಿ ದೇವರ ಮುಂದ ಇಟ್ಟು, ಬ್ಯಾಳಿ-ಬೆಲ್ಲದ ಚೀಲ ಹೊತ್ತು ಮುಂಜಾನೇನ ದಹಿಸರಕ್ಕ ಹ್ವಾದ. ಅಲ್ಲಿ ಮಹಾದೇವಿ ಅಕ್ಕನ ಮನ್ಯಾಗ ಹೋಳಿಗಿ ಊಟ. ಮಹಾದೇವಿ ಪೂಜಿ ಮುಗಿಸಿ, ಬಾಗಿಲಕ್ಕ ಕೀಲಿ ಹಾಕ್ಕೊಂಡು ಹಿಂದಿಂದ ಬಂದ್ಲು.

ಊಟಕ್ಕ ಕುಂತಾಗ ಫೋನ್ ಬಂತು. ಹಬ್ಬದ ದಿನಾನೂ ಕೆಲಸಕ್ಕ ಹೋಗಿದ್ದ ನೀಲಕಂಠಪ್ಪನ ಮಗಳು ಶಿವಕುಮಾರಿ. "ಕಾಕಾ, ಬಾಬಾ ಬಿಲ್ಡಿಂಗ್ ಮ್ಯಾಲಿಂದ ಬಿದ್ದಾನ! ಪೈರ್ ಟೂಟಾ ಹೈ, ಕಾಲು ಮುರದದ, ಆಪರೇಷನ್ ಅಂತಾರ. ಡಾಕ್ಟರ್ ಆ ಇಂಜೆಕ್ಷನ್ ಹೆಸರು ಕೇಳಾಕತ್ತಾರ. ಪೇಜ್ ಖುಲ್ ನಹೀ ರಹಾ, ತೆರೀವಲ್ದು ಕಾಕಾ!"

ಸುಭಾಷ ತನ್ನ ಮೊಬೈಲ್‌ನಾಗ ನೋಡಿದ. ಏನೂ ಇಲ್ಲ. "ಮನ್ಯಾಗ ಕರೆಂಟ್ ಇತ್ತೇನು?" ಅಂತ ಹೆಂಡತಿಗೆ ಕೇಳಿದ.

"ಇತ್ತಲ್ರೀ," ಅಂದ್ಲು ಮಹಾದೇವಿ. "ಆ ಪೆಟ್ಟಿಗಿ ನಾನೇ ಬಂದ್ ಮಾಡಿ, ವಿಭೂತಿ ಹಚ್ಚಿ, ಹೂವು ಏರಿಸಿ ಪೂಜಿಗೆ ಕೂಡಿಸೇನಿ. ನೀವು ಇಕ್ಕಳ ಕೂಡಿಸಿದ್ರಿ. ಇದೂ ನಿಮ್ಮ ಹತ್ಯಾರ ಅಲ್ಲೇನು?"

"ಹುಚ್ಚಿ ಅದಿ ಏನ್ ನೀ! ಒಂದು ಜೀವ ಹೊಂಟದ ಅಲ್ಲಿ!" ಅಂತ ಮಂದಿ ಮುಂದ ಒದರಿದ. ಒದರಿ, ಫೋನಿನಾಗ ಹೇಳಿದ: "ನಮ್ಮಾಕಿ ಬಂದ್ ಮಾಡ್ಯಾಳವಾ. ನಂದೇನೂ ತಪ್ಪಿಲ್ಲ." ಮಹಾದೇವಿ ಕೈಯಾಗಿನ ತುಪ್ಪದ ಗಿಂಡಿ ಕೆಳಗ ಇಟ್ಲು.

ಚಾಳಿನ ಬಾಯಿಗೆ ಹೋಟೆಲ್ ಇಟ್ಟಿದ್ದ ಮಂಗಳೂರು ಕಡೆಯ ಮೋನಪ್ಪಗ ಫೋನ್ ಹಚ್ಚಿ ಕೀಲಿ ಒಡಿಸಿದ. ಮೋನಪ್ಪ ಗುಂಡಿ ಒತ್ತಿದ. "ಶಬ್ದ ಬರ್ತಾ ಉಂಟು ಮಾರಾಯ್ರೆ. ಆದ್ರೆ ಸ್ಕ್ರೀನ್ ಕಪ್ಪು. ಒಂದು ಗೆರೆ ಮಾತ್ರ ಮಿಣುಕ್ತದೆ."

ಅದೇನಂತ ಸುಭಾಷಗ ಗೊತ್ತಿತ್ತು. ಒಮ್ಮೆ ಆರಿದ್ರ ಸರ್ವರ್ ತಾನಾಗೇ ಏಳೂ ಹಂಗ ಮಾಡಬೇಕಾಗಿತ್ತು. ನಾಳಿ ಮಾಡೂಣು, ನಾಳಿ ಮಾಡೂಣು ಅಂತ ಆರು ತಿಂಗಳು ದೂಡಿದ್ದ. ಈಗ ಅದನ್ನ ಎಬ್ಬಿಸಾಕ ನಾಕು ಸಾಲು ಕೈಲೇ ಟೈಪ್ ಹೊಡೀಬೇಕು. ಫೋನಿನಾಗ ಒಂದೊಂದೇ ಅಕ್ಷರ ಹೇಳಿದ, ಮೋನಪ್ಪಗ ಆಗಲಿಲ್ಲ. ಉಟ್ಟ ಬಟ್ಟಿ ಮ್ಯಾಲ ಲೋಕಲ್ ಹಿಡಿದು ದಾದರಕ್ಕ ಬಂದು, ಅಲ್ಲಿಂದ ಟ್ಯಾಕ್ಸಿ ಮಾಡ್ಕೊಂಡು ಮನಿ ಮುಟ್ಟೂದ್ರಾಗ ಎರಡು ತಾಸು ಹೋಗಿತ್ತು. ಚೆಂಡು ಹೂವಿನ ಮಾಲಿ ಸರಿಸಿ, ಆ ನಾಕು ಸಾಲು ಹೊಡೆದ. ಪೇಜ್ ಎದ್ದಿತು.

ಅಷ್ಟೊತ್ತಿಗೆ ಬೇಕಾಗಿರಲಿಲ್ಲ. ಹೆಸರು ಸಿಗಲಿಲ್ಲಂತ ಡಾಕ್ಟರು ಬ್ಯಾರೆ ಔಷಧ ಪರೀಕ್ಷಾ ಮಾಡಿ ನೋಡಿ, ಆಪರೇಷನ್ ಶುರು ಮಾಡಿದ್ರು. ನೀಲಕಂಠಪ್ಪ ಉಳಿದ, ಪುಣ್ಯಾ.

ಉಳೀಲಾರದ್ದು ಮಹಾದೇವಿ ಮಾನ. ಫೋನಿನಾಗ ಹೇಳಿದ್ದ ಮಾತು ಚಾಳೆಲ್ಲ ತಿರುಗಿತ್ತು. ನಳದ ಹತ್ರ ಆಕಿ ಕೊಡ ಇಟ್ರ ಹೆಂಗಸರು ತಮ್ಮ ಕೊಡ ದೂರ ಸರಿಸ್ತಿದ್ರು. "ಇನ್ನೊಂದು ಚೂರು ಆಗಿದ್ರ ಆಂವನ ಜೀವ ತಗೀತಿದ್ಲು," ಅಂತ ಆಕಿ ಕೇಳೂ ಹಂಗ ಅಂತಿದ್ರು. ಸುಭಾಷಗ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಕಂಪ್ಯೂಟರ್ ಮುಂದ ಕುಂತ.

ಎಂಟು ದಿನ ಬಿಟ್ಟು ಮಹಾದೇವಿ ಬಾಜೂಕ ಬಂದು ನಿಂತ್ಲು. "ಆ ನಾಕು ಸಾಲು ನನಗೂ ಕಲಿಸ್ರಿ."

"ಈಗ ಬೇಕಾಗಿಲ್ಲ. ತಾನಾಗೇ ಏಳೂ ಹಂಗ ಮಾಡೇನಿ."

"ಹಂಗಾರ ಮೊದಲೇ ಮಾಡಬಹುದಾಗಿತ್ತು."

ಸುಭಾಷ ಸ್ಕ್ರೀನ್ ಕಡೆ ತಿರುಗಿದ.

"ನನಗ ಹೇಳೂದು ಬ್ಯಾಡ್ರಿ. ನಳದ ಹತ್ರ ಒಂದು ಮಾತು ಹೇಳ್ರಿ," ಅಂದ್ಲು. "ಆಕಿಗೆ ನಾ ಏನೂ ತಿಳಿಸಿರಲಿಲ್ಲ, ನಂದೂ ತಪ್ಪದ ಅಂತ. ಅಷ್ಟೇ ಸಾಕು."

ಮರುದಿನ ಮುಂಜಾನೆ ಸುಭಾಷ ತಾನೇ ಕೊಡ ತಗೊಂಡು ಹೆಂಗಸರ ಪಾಳಿಯಾಗ ನಿಂತ. ಶಿವಕುಮಾರಿನೂ ಇದ್ಲು. ಎಲ್ಲಾರೂ ಇವನ ಮಾರಿ ನೋಡಿದ್ರು. ಮಹಾದೇವಿ ಬಾಗಿಲದಾಗ ನಿಂತು ನೋಡಾಕತ್ತಿದ್ಲು. ಸುಭಾಷ ಗಂಟಲ ಸರಿ ಮಾಡ್ಕೊಂಡ.

"ಇವತ್ತ ನೀರು ಎಷ್ಟೊತ್ತನಕ ಬರ್ತಾವ?" ಅಂತ ಕೇಳಿದ.

ಮಹಾದೇವಿ ಒಳಗ ಹ್ವಾದ್ಲು.