ಸಮುದ್ರದಲ್ಲಿ ದಿಕ್ಕು ತಪ್ಪಿದ ವರ್ಷ

ಈಜುಕೊಳದ ತಳದಲ್ಲಿ ಈಜುವವರಿಗೆ ದಾರಿ ತೋರಿಸಲೆಂದು ಕಪ್ಪು ಪಟ್ಟಿ ಬಳಿದಿರುತ್ತಾರೆ. ಚಿಕ್ಕಂದಿನಿಂದ ಕಾಲೇಜಿನವರೆಗೆ ಆ ಪಟ್ಟಿಯನ್ನೇ ನೋಡುತ್ತ ಫ್ರೀಸ್ಟೈಲ್ ಈಜಿದವಳು ನಾನು. ಬೆಳಿಗ್ಗೆ ಅಪ್ಪ ಧನಕವಡಿಯ ಮನೆಯಿಂದ ಸ್ಕೂಟರಿನಲ್ಲಿ ನನ್ನನ್ನು ಕೊಳಕ್ಕೆ ಬಿಟ್ಟು, ಆಮೇಲೆ ರಾಂಜಣಗಾಂವದ ಕಾರ್ಖಾನೆಯ ಬಸ್ಸು ಹಿಡಿಯುತ್ತಿದ್ದ. ವಿಜಯಪುರದ ಕಡೆಯಿಂದ ಮರಾಠಿ ನಾಡಿಗೆ ಕೆಲಸಕ್ಕೆಂದು ಬಂದವನು. ಅವನಿಗೆ ಈಜು ಬಾರದು. ನನಗೆ ಜಿಲ್ಲಾ ಮಟ್ಟದಲ್ಲಿ ಪದಕ ಬಂದಾಗಲೆಲ್ಲ ಬಸ್ಸಿನಲ್ಲಿ ಪೇಢೆ ಹಂಚುತ್ತಿದ್ದ.

ಕಾಲೇಜಿಗೆ ಬಂದ ಮೇಲೆ ನನ್ನ ವೇಗ ನಿಂತುಹೋಯಿತು. ನನಗಿಂತ ಚಿಕ್ಕವರು ಮುಂದೆ ಹೋಗತೊಡಗಿದರು. ತರಬೇತುದಾರರು ಒಂದು ದಿನ, "ನಿನಗೆ ದಮ್ಮು ಚೆನ್ನಾಗಿದೆ, ಸಮುದ್ರಕ್ಕೆ ಇಳಿ" ಎಂದು ಮರಾಠಿಯಲ್ಲಿ ಹೇಳಿದರು. ಭೋರ್ ಹತ್ತಿರದ ಅಣೆಕಟ್ಟಿನ ಹಿನ್ನೀರಿನಲ್ಲಿ ಅಭ್ಯಾಸ ಶುರುವಾಯಿತು. ಅಲ್ಲಿ ಪಟ್ಟಿಯೂ ಇಲ್ಲ, ಗೋಡೆಯೂ ಇಲ್ಲ. ಆಗಾಗ ತಲೆ ಎತ್ತಿ ದಿಕ್ಕು ನೋಡಿಕೊಳ್ಳಬೇಕು ಎಂದು ಅವರು ದಡದಿಂದ ಕೂಗುತ್ತಲೇ ಇದ್ದರು. ತಲೆ ಎತ್ತಿದರೆ ವೇಗ ಕಡಿಮೆಯಾಗುತ್ತದೆಂದು ನಾನು ಆ ಮಾತನ್ನು ಅರ್ಧ ಮಾತ್ರ ಕೇಳಿದೆ.

ಮೊದಲ ಸ್ಪರ್ಧೆ ಕೊಂಕಣದ ಒಂದು ಊರಿನಲ್ಲಿತ್ತು. ಅಪ್ಪ ರಜೆ ಹಾಕಿ, ಕಾರ್ಖಾನೆ ಬಸ್ಸಿನ ಇಬ್ಬರು ಗೆಳೆಯರನ್ನೂ ಕರೆತಂದಿದ್ದ. ಪೇಢೆಯ ಡಬ್ಬಿ ಮೊದಲೇ ಅವನ ಕೈಯಲ್ಲಿತ್ತು.

ನೀರಿನ ಮೇಲೆ ಅಲ್ಲಲ್ಲಿ ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ದೊಡ್ಡ ಚೆಂಡುಗಳನ್ನು ಸುತ್ತಿ ದಡಕ್ಕೆ ಮರಳಬೇಕಿತ್ತು. ಎರಡನೆಯದನ್ನು ದಾಟಿದ ಮೇಲೆ ನನ್ನ ಅಕ್ಕಪಕ್ಕ ಯಾರ ಕೈಕಾಲೂ ಕಾಣಲಿಲ್ಲ. ಎಲ್ಲರನ್ನೂ ಹಿಂದೆ ಹಾಕಿದೆ ಎಂದುಕೊಂಡೆ. ಹಿಂದಿನಿಂದ ಸೀಟಿ ಕೇಳಿಸಿತು, ಕೂಗು ಕೇಳಿಸಿತು. ಹುರಿದುಂಬಿಸುತ್ತಿದ್ದಾರೆಂದು ಇನ್ನೂ ಜೋರಾಗಿ ಈಜಿದೆ. ಕೊನೆಗೆ ಯಾರೋ ಹುಟ್ಟುಗೋಲಿನಿಂದ ನನ್ನ ಬೆನ್ನು ತಟ್ಟಿದರು. ತಲೆ ಎತ್ತಿದರೆ ಪಕ್ಕದಲ್ಲಿ ದೋಣಿ.

"ಎಲ್ಲಿಗೆ ಹೊರಟೆ ತಾಯಿ, ಗೋವಾಕ್ಕಾ?" ಎಂದು ದೋಣಿಯವನು ಮರಾಠಿಯಲ್ಲಿ ಕೇಳಿದ.

ನಾನು ಗುರಿಯಿಟ್ಟು ಹೋಗುತ್ತಿದ್ದುದು ಮೀನುಗಾರರು ಬಲೆಗೆ ಕಟ್ಟಿ ತೇಲಿಬಿಟ್ಟಿದ್ದ ಅದೇ ಬಣ್ಣದ ಗುಂಡಿನ ಕಡೆಗೆ. ಮರಳಿ ಈಜಿ ಮುಗಿಸಲು ಸ್ಪರ್ಧೆಯ ಸಮಯ ಉಳಿದಿರಲಿಲ್ಲ. ನನ್ನನ್ನು ದೋಣಿಗೆ ಹತ್ತಿಸಿ, ಟವೆಲ್ ಹೊದಿಸಿ ದಡಕ್ಕೆ ತಂದರು. ಉಳಿದವರು ಈಜಿ ಮುಗಿಸಿ ತಾವೇ ನಡೆದು ದಡ ಹತ್ತುತ್ತಿದ್ದರು. ಮುಳುಗುತ್ತಿದ್ದವಳನ್ನು ಉಳಿಸಿದರೆಂದು ತಿಳಿದು ಯಾರೋ ಚಪ್ಪಾಳೆ ತಟ್ಟಿದರು. ಸ್ನಾಯು ಹಿಡಿದಿದ್ದರೆ, ಏನಾದರೂ ಕಚ್ಚಿದ್ದರೆ ಹೇಳಿಕೊಳ್ಳಲು ಒಂದು ಮಾತಾದರೂ ಇರುತ್ತಿತ್ತು. ನನಗೆ ದಣಿವೂ ಆಗಿರಲಿಲ್ಲ. ಅಪ್ಪ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ.

"ಇರ್ಲಿ ಬಿಡವಾ, ಸಮುದ್ರ ಅಂದ್ರ ಹಂಗ" ಎಂದ ಅವನ ಗೆಳೆಯರಲ್ಲೊಬ್ಬ. ಮರಳುವ ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಗಣಪತಿ ಹಬ್ಬ ಬಂತು. ನಮ್ಮ ಓಣಿಯಲ್ಲಿ ಗಣಪತಿ ಕೂರಿಸುವ ಮಂಡಳದವರು ನನಗೆ ಸತ್ಕಾರವಿದೆ ಎಂದು ಹೇಳಿ ಕಳಿಸಿದರು. ಹಳೆಯ ಪದಕಗಳಿಗಿರಬೇಕೆಂದು ಹೋದೆ. ವೇದಿಕೆಯ ಮೇಲೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, "ಸಮುದ್ರ ಈಜಿನಲ್ಲಿ ಎರಡನೆಯ ಸ್ಥಾನ ಪಡೆದ ನಮ್ಮ ಓಣಿಯ ಮಗಳು" ಎಂದು ಮೈಕಿನಲ್ಲಿ ಸಾರಿದರು. ಮುಂದಿನ ಸಾಲಿನಲ್ಲಿದ್ದ ಅಪ್ಪನನ್ನು ನೋಡಿದೆ. ಅವನು ತಲೆ ತಗ್ಗಿಸಿ ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದ. ನನ್ನ ಕೈಗೆ ಮೈಕು ಬಂತು.

"ನಾನು ಎರಡನೆಯವಳಲ್ಲ" ಎಂದು ಮರಾಠಿಯಲ್ಲಿ ಹೇಳಿದೆ. "ನನಗೆ ದಿಕ್ಕು ತಪ್ಪಿತ್ತು. ದೋಣಿಯಲ್ಲಿ ಕರೆತಂದರು."

ತಮಾಷೆಯೆಂದು ಕೆಲವರು ನಕ್ಕರು. ಅಧ್ಯಕ್ಷರು ಮೈಕು ತೆಗೆದುಕೊಂಡು, ಇಂಥ ಪ್ರಾಮಾಣಿಕ ಹುಡುಗಿಗೆ ಚಪ್ಪಾಳೆ ಎಂದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಅಷ್ಟರಲ್ಲಿ ಅಪ್ಪನ ಕುರ್ಚಿ ಖಾಲಿಯಾಗಿತ್ತು.

ಮನೆಯಲ್ಲಿ ಅವ್ವ ಬಾಗಿಲಲ್ಲೇ ನಿಲ್ಲಿಸಿದಳು. "ಖರೆ ಹೇಳೂದಿತ್ತಂದ್ರ ಮನಿಯಾಗ ಹೇಳಬೇಕಿತ್ತು. ಮಂದಿ ಮುಂದ ನಿಮ್ಮಪ್ಪನ ಮಾರಿ ತಗ್ಗಿಸಿದಿ."

ಮರುದಿನದಿಂದ ಕಿರಾಣಿ ಅಂಗಡಿಯಲ್ಲಿ, ಮೆಟ್ಟಿಲಲ್ಲಿ, ಹಿಟ್ಟಿನ ಗಿರಣಿಯಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಎರಡನೆಯ ಸ್ಥಾನದ ಸುಳ್ಳು ಅಪ್ಪನದೇ ಎಂದು ಎಲ್ಲರೂ ತಿಳಿದಿದ್ದರಿಂದ ಒಂದೊಂದು ಹೊಗಳಿಕೆಯೂ ಅವನಿಗೆ ಬೈಗುಳವಾಗುತ್ತಿತ್ತು. ಕೊಂಕಣಕ್ಕೆ ಬಂದಿದ್ದ ಆ ಇಬ್ಬರು ಗೆಳೆಯರು ಅಲ್ಲಿ ನಡೆದದ್ದನ್ನು ಬಸ್ಸಿನಲ್ಲಿ ಯಾರಿಗೂ ಹೇಳಿರಲಿಲ್ಲವಂತೆ. ಹೊರಗಿನವರು ಕಾಪಾಡಿದ ಮಾನವನ್ನು ಮಗಳೇ ಮೈಕಿನಲ್ಲಿ ಹರಾಜು ಹಾಕಿದ್ದಳು. ಅಪ್ಪ ಮಂಡಳದ ಎದುರಿನ ದಾರಿ ಬಿಟ್ಟು ಸುತ್ತು ಹಾಕಿ ಬಸ್ಸಿಗೆ ಹೋಗತೊಡಗಿದ. ನಾನು ಸಿಟಿ ಬಸ್ಸಿನಲ್ಲಿ ಕೊಳಕ್ಕೆ ಹೋಗಿ ಬರುತ್ತಿದ್ದೆ.

ಒಂದು ಭಾನುವಾರ ಭೋರ್‌ಗೆ ಹೊರಟಾಗ ಅಪ್ಪ ಸ್ಕೂಟರಿನ ಕೀಲಿ ಹಿಡಿದು ನಿಂತಿದ್ದ. "ನಾನೂ ಬರ್ತೀನಿ" ಎಂದಷ್ಟೇ ಹೇಳಿದ. ಹಿನ್ನೀರಿನಲ್ಲಿ ನನ್ನ ಜೊತೆ ಬರುವ ದೋಣಿ ಹತ್ತಿ, ಎರಡೂ ಅಂಚುಗಳನ್ನು ಬಿಗಿಯಾಗಿ ಹಿಡಿದು ಕುಳಿತ. ತರಬೇತುದಾರರು ಇನ್ನೂ ದಡದಲ್ಲಿ ದೋಣಿಯವನೊಂದಿಗೆ ಮಾತಾಡುತ್ತಿದ್ದರು. ನಾನು ಮೊಣಕಾಲಿನವರೆಗಿನ ನೀರಿನಲ್ಲಿ ನಿಂತು ಕೇಳಿದೆ.

"ಅಪ್ಪಾ, ಎರಡನೇ ನಂಬರ್ ಅಂತ ಯಾಕ ಹೇಳಿದಿ?"

ಅಪ್ಪ ದೋಣಿಯ ಅಂಚು ಬಿಡದೆ ಹೇಳಿದ. "ಮಂಡಳದವ್ರು ಕೇಳಿದ್ರು, ಮೊದಲನೇ ನಂಬರ್ ಬಂತೇನು ಅಂತ. ಇಲ್ಲ ಅಂದೆ. ಹಂಗಾರ ಎರಡನೇದಾ ಅಂದ್ರು. ಮತ್ತೊಮ್ಮೆ ಇಲ್ಲ ಅನ್ನಾಕ ನಾಲಿಗಿ ಏಳಲಿಲ್ಲವಾ. ಸುಮ್ಮನಿದ್ದೆ."

ಅವನು ಜಂಬ ಕೊಚ್ಚಿಕೊಂಡಿದ್ದಾನೆ ಎಂದೇ ನಾನು ಅಷ್ಟು ದಿನ ನಂಬಿದ್ದೆ. ಸಮುದ್ರದ ದೋಣಿಯಲ್ಲಿ ಆದದ್ದಕ್ಕಿಂತ ಹೆಚ್ಚು ನಾಚಿಕೆ ಆ ತಣ್ಣನೆಯ ನೀರಿನಲ್ಲಿ ಆಯಿತು. "ನಾ ಹಂಗ ಮಾಡಬಾರದಿತ್ತು" ಎಂದೆ.

"ನೀ ಹೇಳಿದ್ದು ಖರೆ. ನನಗ ನಾಚಿಕಿ ಆಗಿದ್ದೂ ಖರೆ" ಎಂದ ಅಪ್ಪ. "ಈಗ ಈಜು, ಹೊತ್ತಾತು."

ಆಮೇಲೆ ಭುಜದ ನೋವು ಶುರುವಾಗುವವರೆಗೂ ಸಮುದ್ರ ಈಜಿದೆ. ಒಮ್ಮೆ ನಾಲ್ಕನೆಯ ಸ್ಥಾನ ಬಂದದ್ದೇ ಹೆಚ್ಚು. ಓಣಿಯಲ್ಲಿ ಈಗಲೂ ಹೊಸಬರಿಗೆ ನನ್ನನ್ನು ಪರಿಚಯಿಸುವಾಗ ವೇದಿಕೆಯ ಆ ಕಥೆಯನ್ನೇ ಹೇಳುತ್ತಾರೆ. ಅಪ್ಪ ಪಕ್ಕದಲ್ಲಿದ್ದರೆ ನಾನು ಮಾತು ಬದಲಿಸುತ್ತೇನೆ. ಎಷ್ಟೋ ಸಲ ಅವರು ಬಿಡದೆ ಪೂರ್ತಿ ಹೇಳಿ ಮುಗಿಸುತ್ತಾರೆ.